ಬೇರಿಂಗ್ ಲೋಹದ ರೇಸ್ ಎಂಜಿನ್

ಫಾರ್ಮುಲಾ ಒನ್ ನೋಡುವವರಿಗೆ ಡಿಎಫ್‌ವಿ ಅಂದ್ರೆ ಸಾಕು, ಉಳಿದದ್ದು ಗೊತ್ತಾಗುತ್ತೆ. ನೋಡದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಫೋರ್ಡ್ ಕಂಪನಿ ಒಂದು ಲಕ್ಷ ಪೌಂಡ್ ಹಾಕಿ, ಇಂಗ್ಲೆಂಡಿನ ಕಾಸ್‌ವರ್ತ್ ಅನ್ನೋ ಪುಟ್ಟ ಸಂಸ್ಥೆಯಿಂದ ಮಾಡಿಸಿದ ಮೂರು ಲೀಟರ್‌ನ ವಿ8 ಎಂಜಿನ್ ಅದು. ವಿನ್ಯಾಸ ಕೀತ್ ಡಕ್‌ವರ್ತ್ ಅವರದು. 1967ರ ಜೂನ್ 4ರಂದು ಹಾಲೆಂಡಿನ ಝಾಂಡ್‌ವೂರ್ಟ್‌ನಲ್ಲಿ ಮೊದಲ ಸಲ ಟ್ರ್ಯಾಕಿಗಿಳಿಯಿತು. ಜಿಮ್ ಕ್ಲಾರ್ಕ್ ಓಡಿಸಿದ ಲೋಟಸ್ 49 ಅವತ್ತೇ ಗೆದ್ದಿತು. 1983ರ ಹೊತ್ತಿಗೆ ಈ ಎಂಜಿನ್ ಮತ್ತು ಅದರ ಸುಧಾರಿತ ರೂಪ ಸೇರಿ 155 ಗ್ರ್ಯಾಂಡ್ ಪ್ರೀ ಗೆದ್ದಿದ್ದವು.

ಅದನ್ನು ನಾನು 1/12 ಅಳತೆಯಲ್ಲಿ, ವಿಜಯಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಎಂಟು ತಿಂಗಳಿಂದ ಕಟ್ಟುತ್ತಿದ್ದೇನೆ. ಕಾರು ಇಲ್ಲ, ಬರೀ ಎಂಜಿನ್. ಮುಗಿದ ಮೇಲೆ ಅದರ ಗಾತ್ರ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ನಾನು ಸಾಫ್ಟ್‌ವೇರ್ ಕೆಲಸದವ, ಕಂಪನಿ ಬೆಂಗಳೂರಲ್ಲಿದೆ, ಲ್ಯಾಪ್‌ಟಾಪ್ ಇಲ್ಲಿದೆ. ರಾತ್ರಿ ಒಂಬತ್ತಕ್ಕೆ ಕೊನೆಯ ಮೀಟಿಂಗ್ ಮುಗಿದರೆ ಅದೇ ಟೇಬಲ್ ಮೇಲೆ ಮ್ಯಾಟ್ ಹಾಸಿ ಕೂರ್ತೀನಿ.

ಜಪಾನಿನಿಂದ ಕಿಟ್ ಬಂದ ದಿನ ಡಬ್ಬಿಯಲ್ಲಿ ಇದ್ದದ್ದು ನೂರಾರು ಬೂದು ಬಣ್ಣದ ಚೂರುಗಳು. ಪ್ಲಾಸ್ಟಿಕ್ ಅಲ್ಲ, ಲೋಹ. ಅಪ್ಪ ಅದರಲ್ಲಿ ಒಂದು ಎರಕದ ಕಡ್ಡಿ ಎತ್ತಿಕೊಂಡು, ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು.

“ಕಿರ್ ಅಂತೈತಿ ನೋಡು. ತವರ ಜಾಸ್ತಿ ಐತಿ. ಇದು ವೈಟ್ ಮೆಟಲ್ಲೋ ತಮ್ಮಾ, ಬೇರಿಂಗಿಗೆ ಹೊಯ್ತಿದ್ವಿ ಇದನ್ನ.”

ಕಿಟ್‌ನ ಹಾಳೆಯಲ್ಲೂ ಅದೇ ಬರೆದಿತ್ತು, ವೈಟ್ ಮೆಟಲ್ ಅಂತ. ತವರಕ್ಕೆ ಆಂಟಿಮೊನಿ, ಕೆಲವು ಸಲ ಸೀಸ ಬೆರೆಸಿದ ಮಿಶ್ರಣ. ರಬ್ಬರಿನ ಅಚ್ಚನ್ನು ಗಿರಗಿರ ತಿರುಗಿಸುತ್ತ ಅದರೊಳಗೆ ಹೊಯ್ದರೆ ಕೂದಲೆಳೆಯಂಥ ಗೆರೆಯೂ ಮೂಡುತ್ತೆ. ಆದರೆ ಕರಗೋದು ಬೇಗ. ಸೋಲ್ಡರಿಂಗ್ ಐರನ್ ತಾಕಿದರೆ ಸಿಲಿಂಡರ್ ಹೆಡ್ ಬೆಣ್ಣೆ ಆಗುತ್ತೆ.

ಅಪ್ಪನ ಗ್ಯಾರೇಜು ಬಬಲೇಶ್ವರದಲ್ಲಿತ್ತು. ಬಾವಿಗಳ ಮೇಲಿನ ಡೀಸೆಲ್ ಎಂಜಿನ್ ರಿಪೇರಿ ಅವರ ಕೆಲಸ. ಹಳೇ ಎಂಜಿನ್ನುಗಳ ಬಿಗ್ ಎಂಡ್ ಬೇರಿಂಗ್ ಸವೆದರೆ ಈಗಿನ ಹಾಗೆ ಪಾಕೀಟಿನಿಂದ ಹೊಸದು ತೆಗೆದು ಹಾಕ್ತಿರಲಿಲ್ಲ. ವೈಟ್ ಮೆಟಲ್ ಕಾಯಿಸಿ, ಹೊಯ್ದು, ಕ್ರ್ಯಾಂಕಿಗೆ ನೀಲಿ ಬಳಿದು ತಿರುಗಿಸಿ, ನೀಲಿ ಹತ್ತಿದ ಕಡೆಯೆಲ್ಲ ಕೆರೆದು ಕೂರಿಸ್ತಿದ್ದರು. ಒಂದು ಬೇರಿಂಗಿಗೆ ಒಂದು ದಿನ.

ಆಮೇಲೆ ಬಾವಿಯ ನೀರೇ ಕೆಳಗೆ ಹೋಯಿತು. ಮೇಲಿಟ್ಟ ಪಂಪು ನೀರನ್ನು ಹೀರಿ ಎತ್ತೋದು ಹೆಚ್ಚೆಂದರೆ ಏಳೆಂಟು ಮೀಟರ್. ಗಾಳಿಯ ಒತ್ತಡಕ್ಕೆ ಅಷ್ಟೇ ಶಕ್ತಿ. ಅದಕ್ಕೇ ಬಾವಿಯೊಳಗೆ ಕಟ್ಟೆ ಕಟ್ಟಿ ಎಂಜಿನ್ ಇಳಿಸುತ್ತಿದ್ದದ್ದು. ಬೋರ್‌ವೆಲ್ ನೂರಾರು ಅಡಿ ಇಳಿದಾಗ ಎಂಜಿನ್ನಿಗೆ ಅಲ್ಲಿ ಕೆಲಸ ಉಳಿಯಲಿಲ್ಲ, ಸಬ್‌ಮರ್ಸಿಬಲ್ ಬಂತು. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಹಬ್ಬಿತು, ಡ್ರಿಪ್ ಬಂತು, ಒಣದ್ರಾಕ್ಷಿ ಶೆಡ್ಡುಗಳೆದ್ದವು. ಊರಿಗೆ ಒಳ್ಳೇದೇ ಆಯಿತು. ಅಪ್ಪ ಸ್ವಲ್ಪ ದಿನ ಔಷಧಿ ಹೊಡೆಯೋ ಬ್ಲೋವರ್ ರಿಪೇರಿ ಮಾಡಿ, ಶಟರ್ ಎಳೆದು ವಿಜಯಪುರಕ್ಕೆ ಬಂದರು. ಇಲ್ಲಿ ಪೇಪರ್ ಓದ್ತಾರೆ, ಎರಡು ಸಲ ಓದ್ತಾರೆ. ಕೈ ಸ್ವಲ್ಪ ನಡುಗುತ್ತೆ. ಚಹಾ ಕಪ್ಪು ಅರ್ಧ ತುಂಬಿಸಿ ಕೊಡಬೇಕು.

ಹಾಗಾಗಿ ಅವರು ನನ್ನ ಟೇಬಲ್ ಪಕ್ಕ ಕುರ್ಚಿ ಎಳೆದುಕೊಂಡಾಗ ನಾನು ಅಚ್ಚಿನ ಗೆರೆ ಉಜ್ಜೋ ಕೆಲಸ ಕೊಟ್ಟೆ. ಅರ ಹಿಡಿದ ಕೂಡಲೇ ಆ ನಡುಕ ಎಲ್ಲಿ ಹೋಗುತ್ತೋ ಗೊತ್ತಿಲ್ಲ. ಒಂದೇ ಕಡೆಗೆ ಎಳೀತಾರೆ, ಹಿಂದೆ ತರುವಾಗ ಎತ್ತುತ್ತಾರೆ. ಯೂಟ್ಯೂಬಿನಲ್ಲಿ ಜಪಾನಿನವರೂ ಹಾಗೇ ಮಾಡ್ತಾರೆ. (ಸೀಸ ಇರಬಹುದಾದ ಪುಡಿ ಅಂತ ಮಾಸ್ಕ್ ಕೊಟ್ಟರೆ ಮಾತ್ರ ಗದ್ದಕ್ಕೆ ಹಾಕ್ಕೊಂಡು ಕೂರ್ತಾರೆ.)

ಬಣ್ಣದ ಕೆಲಸ ನನ್ನದು. ಲೋಹಕ್ಕೆ ಲೋಹದ್ದೇ ಬಣ್ಣ ಹಚ್ಚೋದು ಯಾಕೆ ಅಂತ ಮನೆಗೆ ಬಂದವರೆಲ್ಲ ಕೇಳ್ತಾರೆ. ಕೇಳಬೇಕಾದ್ದೇ. ಆದರೆ ನಿಜವಾದ ಎಂಜಿನ್ನಿನಲ್ಲಿ ಬ್ಲಾಕು ಅಲ್ಯೂಮಿನಿಯಂ, ಕ್ಯಾಮ್ ಕವರು ಮೆಗ್ನೀಷಿಯಂ, ಬೋಲ್ಟು ಉಕ್ಕು. ಮೂರೂ ‘ಬೆಳ್ಳಗಿನ’ ಲೋಹಗಳೇ, ಪಕ್ಕಪಕ್ಕ ಇಟ್ಟರೆ ಮೂರೂ ಬೇರೆ. ಅಲ್ಯೂಮಿನಿಯಂ ಎರಕ ತಣ್ಣಗಿನ ಬೂದಿ, ಮೆಗ್ನೀಷಿಯಂ ಮಂಕು, ಉಕ್ಕು ನೀಲಿ ಕಡೆಗೆ. ಕಿಟ್‌ನ ತವರ ಇದ್ಯಾವುದರ ಹಾಗೂ ಇಲ್ಲ. ಅದಕ್ಕೇ ಮೊದಲು ಲೋಹಕ್ಕೆ ಹಿಡಿಯೋ ಪ್ರೈಮರ್, ಮೇಲೆ ಹೊಳೆಯೋ ಕಪ್ಪು, ಅದರ ಮೇಲೆ ಏರ್‌ಬ್ರಷ್‌ನಲ್ಲಿ ತೆಳ್ಳಗೆ ಲೋಹದ ಬಣ್ಣ.

ನಮ್ಮೂರ ಬಿಸಿಲಲ್ಲಿ ಇದು ಸುಲಭ ಅಲ್ಲ. ಮಾರ್ಚ್ ದಾಟಿದರೆ ಲ್ಯಾಕರ್ ಬಣ್ಣ ನಳಿಕೆಯಿಂದ ಹೊರಟು ಲೋಹ ಮುಟ್ಟೋ ಮೊದಲೇ ಗಾಳಿಯಲ್ಲಿ ಒಣಗುತ್ತೆ, ಪುಡಿಯಾಗಿ ಬೀಳುತ್ತೆ. ಮೇಲ್ಮೈ ಮುಟ್ಟಿದರೆ ರವೆ ಮುಟ್ಟಿದ ಹಾಗೆ. ರಿಟಾರ್ಡರ್ ಬೆರೆಸಿ, ಬೆಳಗಿನ ಐದೂವರೆಗೆ ಎದ್ದು ಹೊಡೀತೀನಿ. ಏಳಕ್ಕೆ ರಸ್ತೆಯ ಧೂಳು ಎದ್ದಮೇಲೆ ಅವತ್ತಿನ ಬಣ್ಣ ಬಂದ್.

ಹಳೇ ಲೋಹದ ಬಣ್ಣ ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಊರಲ್ಲಿ ಬೇರೆಲ್ಲೂ ಹೋಗಬೇಕಿಲ್ಲ. ಒಂದು ಭಾನುವಾರ ಇಬ್ಬರೂ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಹೋಗಿದ್ವಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಹೊಯ್ದ ಗಂಟೆಲೋಹ, ಸುಮಾರು 55 ಟನ್. ಫೋನ್ ತೆಗೆದು ಬಣ್ಣ ನೋಡಿದರೆ ಕಪ್ಪು, ಹಸಿರು, ಕಂದು ಎಲ್ಲ ಇದೆ. ಬೆಳ್ಳಿ ಎಲ್ಲೂ ಇಲ್ಲ. ಅಪ್ಪನಿಗೆ ಬೇಕಾದದ್ದು ಬೇರೆ ಕಥೆ. 1854ರಲ್ಲಿ ಬ್ರಿಟಿಷರು ಇದನ್ನ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ, ಕಮ್ಮಿ ಆಯ್ತು ಅಂತ ಮಾರಾಟ ರದ್ದಾಯಿತು. “ಗುಜರಿಯವ್ರು ಆಗಿಂದಾನೂ ಹಂಗ ಕೇಳ್ತಾರ” ಅಂದರು. ಗ್ಯಾರೇಜು ಮುಚ್ಚುವಾಗ ಅವರ ಹತ್ತಿರ ಆರು ಎಂಜಿನ್ ಇದ್ದವು. ಕಿಲೋ ಲೆಕ್ಕದಲ್ಲಿ ಹೋದವು.

ನಮ್ಮಿಬ್ಬರ ನಡುವೆ ದೊಡ್ಡ ಜಗಳ ಅಂದ್ರೆ ಎಣ್ಣೆಯದು. ಸೋರದ ಎಂಜಿನ್ ಎಂಜಿನ್ನೇ ಅಲ್ಲ, ಗ್ಯಾಸ್ಕೆಟ್ ಕೆಳಗೆ ಕಪ್ಪು ಬರಬೇಕು ಅಂತ ಅವರು. ರೇಸ್ ಎಂಜಿನ್ನನ್ನು ಒಂದೆರಡು ರೇಸಿಗೊಮ್ಮೆ ಪೂರ್ತಿ ಬಿಚ್ಚಿ ತೊಳೆದು ಕಟ್ತಾರೆ, ಚೊಕ್ಕ ಇರುತ್ತೆ ಅಂತ ನಾನು. ಮೂರು ದಿನ ನಡೀತು. ನಾಲ್ಕನೇ ದಿನ ಅವರೇ ದಾರಿ ತೋರಿಸಿದರು.

“ಎಣ್ಣಿ ಬಿಡು. ಪಾನಾ ಹತ್ತಿದ ಬೋಲ್ಟ್ ಹೊಳೀತಾವ, ಹತ್ತದ್ದು ಮಂಕಿರ್ತಾವ. ಯಾವ ಬೋಲ್ಟ್ ಪದೇ ಪದೇ ಬಿಚ್ತಾರ, ಅದನ್ನ ಹೇಳು ಮೊದಲ.”

ಎಂಟು ತಿಂಗಳಲ್ಲಿ ನನಗೆ ಹೊಳೆಯದ ಪ್ರಶ್ನೆ ಇದು. ಹುಡುಕಿ ಓದಿದೆ. ಡಿಎಫ್‌ವಿಯ ವಿಶೇಷ ಅದನ್ನು ಕಾರಿಗೆ ಜೋಡಿಸೋ ರೀತಿಯಲ್ಲಿದೆ. ಲೋಟಸ್ 49ರ ಚಾಸಿ ಡ್ರೈವರ್‌ನ ಬೆನ್ನ ಹಿಂದೆ ಮುಗಿದುಹೋಗುತ್ತೆ. ಅಲ್ಲಿಂದ ಹಿಂದಕ್ಕೆ ಎಂಜಿನ್ನೇ ಚಾಸಿ. ಅದರ ಬೆನ್ನಿಗೆ ಗೇರ್‌ಬಾಕ್ಸು, ಹಿಂದಿನ ಸಸ್ಪೆನ್ಷನ್. ಮುಂಗಡೆ ಹಿಡಿದಿಡೋದು ನಾಲ್ಕೇ ಬೋಲ್ಟ್: ಕೆಳಗೆ ಎರಡು, ಮೇಲೆ ಕ್ಯಾಮ್ ಕವರಿನ ಹತ್ತಿರ ತೆಳು ಪಟ್ಟಿಗಳ ಮೂಲಕ ಎರಡು. ಎಂಜಿನ್ ಕಾದು ಹಿಗ್ಗಿದಾಗ ಆ ಪಟ್ಟಿಗಳು ಬಾಗಿ ಜಾಗ ಕೊಡುತ್ತವೆ.

ಇದನ್ನು ಅಪ್ಪನಿಗೆ ವಿವರಿಸೋಕೆ ನಾನು ಲ್ಯಾಪ್‌ಟಾಪಿನಲ್ಲಿ ಚಿತ್ರ ಎಲ್ಲ ತೆಗೆದಿಟ್ಟಿದ್ದೆ. ಅವರು ಅರ್ಧ ನಿಮಿಷ ನೋಡಿ, “ಟ್ರ್ಯಾಕ್ಟರ್ ಹಂಗ ಐತಲ್ಲ” ಅಂದುಬಿಟ್ಟರು. ಸರಿಯಾಗಿಯೇ ಇದೆ. ಟ್ರ್ಯಾಕ್ಟರಿಗೆ ಬೇರೆ ಚೌಕಟ್ಟು ಇರೋದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದರೆ ಅದೇ ಬೆನ್ನುಮೂಳೆ. ಹಾಗೆ ಮಾಡಿ ಜಗತ್ತಿಗೆಲ್ಲ ಮಾರಿದ್ದು 1917ರ ಫೋರ್ಡ್‌ಸನ್. ಐವತ್ತು ವರ್ಷ ಆದಮೇಲೆ ಅದೇ ಫೋರ್ಡ್ ದುಡ್ಡಿನ ರೇಸ್ ಎಂಜಿನ್ನೂ ಹಾಗೇ ನಿಂತಿತು. ರೇಸ್ ಕಾರಿನಲ್ಲಿ ಇದನ್ನು ಮಾಡಿದ್ದು ಇವರೇ ಮೊದಲೇನಲ್ಲ, ಆದರೆ ಇವರ ನಂತರ ಉಳಿದವರೂ ಹಾಗೇ ಮಾಡತೊಡಗಿದರು. ಇಂಜಿನಿಯರಿಂಗ್‌ನ ನಾಲ್ಕು ವರ್ಷ ನನಗೆ ಯಾರೂ ಟ್ರ್ಯಾಕ್ಟರ್ ತೋರಿಸಿ ಇದನ್ನು ಹೇಳಲಿಲ್ಲ.

ಈಗ ನನ್ನ ಎಂಜಿನ್ನಿನಲ್ಲಿ ಆ ನಾಲ್ಕು ಬೋಲ್ಟಿನ ಅಂಚು ಮಾತ್ರ ಹೊಳೆಯುತ್ತೆ. ಎಂಟು ಸ್ಪಾರ್ಕ್ ಪ್ಲಗ್ ಸುತ್ತಲೂ ಸ್ವಲ್ಪ. ಉಳಿದದ್ದೆಲ್ಲ ಮಂಕು. ಎಕ್ಸಾಸ್ಟ್ ಕೊಳವೆಗಳಿಗೆ ಕಾದ ಉಕ್ಕಿನ ಬಣ್ಣ ಕೂರಿಸಿದೆ. ಹೆಡ್ಡಿನ ಹತ್ತಿರ ನೀಲಿ, ಮುಂದೆ ನೇರಳೆ, ಕಂದು, ಕೊನೆಗೆ ಹುಲ್ಲಿನ ಹಳದಿ. ಈ ಕ್ರಮ ಪುಸ್ತಕದಲ್ಲೂ ಇದೆ, ಉಳಿಗೆ ಹದ ಹಾಕಿದ ಅಪ್ಪನ ತಲೆಯಲ್ಲೂ ಇದೆ. ನೀಲಿ ಸ್ವಲ್ಪ ಜಾಸ್ತಿಯಾಗಿದೆ ಅಂತಾರೆ. ಆಗಿಲ್ಲ. ನಾನು ಬದಲಾಯಿಸೋದಿಲ್ಲ.

ಇಗ್ನಿಷನ್ ವೈರ್ ಎಳೆಯೋದು ಬಾಕಿ ಇದೆ. ಅದು ಮುಗಿಯೋ ಮೊದಲೇ ಮುಂದಿನ ಎಂಜಿನ್ ಯಾವುದು ಅಂತ ಅಪ್ಪ ತೀರ್ಮಾನ ಮಾಡಿದ್ದಾರೆ. ಅದರ ಕಿಟ್ ನನಗಂತೂ ಎಲ್ಲೂ ಸಿಕ್ಕಿಲ್ಲ. ಹೋದ ತಿಂಗಳು ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋಗಿ, ಪರಿಚಯದವರ ಹೊಲದಲ್ಲಿ, ಹಾಳುಬಾವಿಯ ಪಕ್ಕ ಜಾಲಿಗಿಡದೊಳಗೆ ನಿಂತಿದ್ದ ಲಿಸ್ಟರ್ ಮಾದರಿಯ ಎಂಜಿನ್ ಅಳೆದು ಬಂದ್ವಿ. ಇಂಗ್ಲೆಂಡಿನ ಲಿಸ್ಟರ್ ಕಂಪನಿ 1929ರಲ್ಲಿ ತಂದ ನಿಧಾನಗತಿಯ ಡೀಸೆಲ್, ನಿಮಿಷಕ್ಕೆ 600-650 ಸುತ್ತು. ಆಮೇಲೆ ರಾಜ್‌ಕೋಟ್‌ನಲ್ಲಿ ಅದರ ನಕಲು ರಾಶಿರಾಶಿ ತಯಾರಾಯಿತು. ಇದು ಅಂಥದ್ದೇ ಒಂದು. ಅಪ್ಪ ಟೇಪ್ ಹಿಡಿದು ಹೇಳ್ತಾ ಹೋದರು, ನಾನು ಫೋನಿನಲ್ಲಿ ಬರಕೊಂಡೆ. ಗಾಲಿ 24 ಇಂಚು. ಹನ್ನೆರಡನೇ ಒಂದು ಅಂದ್ರೆ ಎರಡಿಂಚು.

ಗಾಲಿಯನ್ನ 3ಡಿ ಪ್ರಿಂಟ್ ಮಾಡಿಸೋಣ ಅಂದೆ. ಬೇಡ, ಹೊಯ್ತೀನಿ ಅಂದರು. ಬಬಲೇಶ್ವರದಿಂದ ತಂದು ಅಟ್ಟಕ್ಕೆ ಸೇರಿಸಿದ್ದ ಗೋಣಿಚೀಲದಲ್ಲಿ ಅವರ ಕಬ್ಬಿಣದ ಸವಟು ಸಿಕ್ಕಿದೆ. ತಳದಲ್ಲಿ ಹಳೇ ವೈಟ್ ಮೆಟಲ್ಲಿನ ಬೂದು ಹೊಪ್ಪಳೆ ಇನ್ನೂ ಅಂಟಿಕೊಂಡಿದೆ. ಅಡುಗೆಮನಿ ಒಲಿ ಮ್ಯಾಲ ಕಾಯಿಸೋದು ಬ್ಯಾಡ ಅಂತ ಅವ್ವ ಈಗಲೇ ಹೇಳಿಬಿಟ್ಟಿದ್ದಾಳೆ, ಮಾಳಿಗೆಯ ಮೇಲೆ ಒಂದು ಇದ್ದಿಲ ಶೆಗಡಿ ಹೊಂದಿಸ್ತಿದ್ದೀನಿ.