ತಗ್ಗಿದಲ್ಲಿ ನೀರು

ಅಂಗಳದಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ನನ್ನ ಮಡದಿ ನನಗೆ ಕೇಳಿದುದು 2009ರಲ್ಲಿ. ಅದಕ್ಕೆ ತಕ್ಕ ಉತ್ತರ ನನಗೆ ದೊರೆತುದು 2022ರಲ್ಲಿ, ಅದೂ ಕಡಲಾಚೆಯ ಒಂದು ಮರುಭೂಮಿಯ ಊರಿನಲ್ಲಿ. ನಡುವಿನ ಹದಿಮೂರು ವರ್ಷಗಳ ನನ್ನ ಅಜ್ಞಾನವನ್ನು ವಾಚಕ ಬಂಧುಗಳ ಮುಂದಿಡಲು ಸಂಕೋಚವಾಗುತ್ತದೆ. ಆದರೂ ಒಂದೆರಡು ಮನೆಗಳಿಗಾದರೂ ಉಪಯೋಗವಾದೀತೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಧಾರವಾಡದ ನಮ್ಮ ಮನೆಯ ಮುಂದೆ ಮೊದಲು ಮಣ್ಣಿನ ಅಂಗಳವಿತ್ತು. ಮೂಲೆಯಲ್ಲಿ ತಂದೆಯವರ ಕಾಲದ ಸೇದುವ ಬಾವಿ. ಅದರ ಪಕ್ಕದಲ್ಲಿ ಮಡದಿ ತವರಿನಿಂದ ತಂದು ನೆಟ್ಟ ಪಾರಿಜಾತ. ದಿನದ ಪೂಜೆಗೆ ಹೂವು ಆ ಗಿಡದ್ದೇ. ಮಳೆಗಾಲದಲ್ಲಿ ಮಾತ್ರ ಅಂಗಳವೆಲ್ಲ ರಾಡಿ. ನನ್ನನ್ನು ಕಾಣಬರುವ ಹಿರಿಯರ ಕಾಲಿಗೆ ಕೆಸರು ಹತ್ತುವುದು ನನಗೆ ಅವಮಾನವೆನಿಸುತ್ತಿತ್ತು. ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸಲು ನಿಶ್ಚಯಿಸಿದೆ. ಕೆಲಸ ಆರಂಭವಾದ ದಿನ ಆಕೆ ಬಾಗಿಲಲ್ಲಿ ನಿಂತು, "ಅಲ್ಲರೀ, ಪೂರಾ ಮುಚ್ಚಿಬಿಟ್ರ ಮಳಿ ನೀರು ಎಲ್ಲಿ ಹೋಗಬೇಕ್ರಿ?" ಎಂದಳು. "ಗಟಾರಕ್ಕ ಹೋಗತದ, ಮತ್ತೆಲ್ಲಿ!" ಎಂದು ನಾನು ಗದರಿದೆ. ಆಕೆ ಮತ್ತೆ ಮಾತನಾಡಲಿಲ್ಲ.

ನಾಲ್ಕಾರು ವರ್ಷಗಳಲ್ಲಿ ಬಾವಿ ಬತ್ತಿತು. ಸುತ್ತಲಿನ ಕೊಳವೆಬಾವಿಗಳೂ ಅದಕ್ಕೆ ಕಾರಣವಿದ್ದಾವು. ಆದರೆ ಪಾರಿಜಾತ ಒಣಗಿದುದಕ್ಕೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಅದರ ಬುಡಕ್ಕೆ ನಾನು ಬಿಟ್ಟಿದ್ದುದು ಒಂದು ಗೇಣು ಮಣ್ಣು ಮಾತ್ರ. ಅನಂತರ ಆಕೆ ಪೂಜೆಯ ಹೂವನ್ನು ಪೇಟೆಯಿಂದ ತರಿಸುತ್ತಿದ್ದಳು. 2018ರಲ್ಲಿ ಲಿಂಗೈಕ್ಯಳಾದಳು.

ಹತ್ತನೆಯ ವಯಸ್ಸಿನಿಂದ ಮಠದ ಪ್ರಸಾದನಿಲಯದಲ್ಲಿ ಬೆಳೆದವನು ನಾನು. ಅಲ್ಲಿ ಪ್ರಸಾದವಾದ ಮೇಲೆ ಕೈತೊಳೆಯುವುದು ಬಾಳೆಯ ಬುಡದಲ್ಲಿ. ತಟ್ಟೆ ತೊಳೆದ ನೀರು ಹರಿಯುವುದು ತೆಂಗಿನ ಬುಡಕ್ಕೆ. ನೀರು ಚೆಲ್ಲಿದ ಹುಡುಗನಿಗೆ ಬಾವಿಯಿಂದ ಹತ್ತು ಕೊಡ ಸೇದುವ ಶಿಕ್ಷೆಯಿತ್ತು. ಮುಂದೆ ಎಷ್ಟೋ ವೇದಿಕೆಗಳಲ್ಲಿ, ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ಕಾಯಕವನ್ನು ಕುರಿತು ಉಪನ್ಯಾಸ ಮಾಡಿದೆ. ನನ್ನ ಕೈಯಿಂದ ಒಂದು ಗುಂಡಿಯನ್ನೂ ತೋಡಿರಲಿಲ್ಲ.

2022ರ ಬೇಸಗೆಯಲ್ಲಿ ಮಗಳ ಒತ್ತಾಯಕ್ಕೆ ಮಣಿದು ಅಮೆರಿಕೆಗೆ ಹೋದೆ. ಆಕೆಯ ಮನೆಯಿರುವುದು ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ. ಸೊನೋರಾ ಎಂಬ ಮರುಭೂಮಿಯ ನಡುವಿನ ಊರು ಅದು. ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿ, ಕೈಗಳನ್ನು ಮೇಲೆತ್ತಿ ನಿಂತ ಸಗ್ವಾರೊ ಕಳ್ಳಿಗಳು. ಕಾಂಡವೂ ಹಸಿರಾಗಿರುವ ಪಾಲೊವರ್ಡೆ ಮರಗಳು. ನಮ್ಮ ಬನ್ನಿಯ ಹತ್ತಿರದ ನೆಂಟನಾದ ಮೆಸ್ಕೀಟ್. ಜೂನ್ ತಿಂಗಳ ಬಿಸಿಲು 40 ಡಿಗ್ರಿಯನ್ನು ದಾಟುತ್ತಿತ್ತು. ವರ್ಷದ ಸರಾಸರಿ ಮಳೆ ಸುಮಾರು 270 ಮಿಲಿಮೀಟರು. ಧಾರವಾಡದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಅದರಲ್ಲಿ ಅರ್ಧದಷ್ಟು ಮಳೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಬೀಳುವುದು. ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಅದಕ್ಕೂ ನಂಬಿಕೆಯಿಲ್ಲ. 2020ರ ಮುಂಗಾರಿನಲ್ಲಿ ಅಲ್ಲಿ ಬಿದ್ದುದು 41 ಮಿಲಿಮೀಟರು. ಮರುವರ್ಷ ಸುಮಾರು 325.

ಇಂಥ ಊರಿನಲ್ಲಿ ಮಳೆನೀರಿನ ಹಾವಳಿಯೂ ಉಂಟೆಂದು ಮಗಳು ಹೇಳಿದಾಗ ನಾನು ನಕ್ಕಿದ್ದೆ. ಜುಲೈ ತಿಂಗಳ ಒಂದು ಸಂಜೆ ದಕ್ಷಿಣದಿಂದ ಧೂಳೆದ್ದಿತು. ಕ್ರಿಯೋಸೋಟ್ ಎಂಬ ಮರುಭೂಮಿಯ ಪೊದೆಯ ಕಟುಪರಿಮಳ ಗಾಳಿಯಲ್ಲಿ ತುಂಬಿತು. ಅದರ ಹಿಂದೆಯೇ ಕೊಡಗಳಿಂದ ಸುರಿದಂತೆ ಮಳೆ. ಕಾದ ನೆಲವಾಗಲಿ ಡಾಂಬರಾಗಲಿ ಅದನ್ನು ಕುಡಿಯಲಾರದು. ಹತ್ತು ನಿಮಿಷಗಳಲ್ಲಿ ಬೀದಿ ಹಳ್ಳವಾಯಿತು. ತಡೆಗಂಬವನ್ನು ದಾಟಿ ಇಂಥ ನೀರಿಗೆ ಕಾರು ನುಗ್ಗಿಸಿ ಸಿಕ್ಕಿಬಿದ್ದವರಿಂದಲೇ ರಕ್ಷಣೆಯ ವೆಚ್ಚವನ್ನು ವಸೂಲು ಮಾಡುವ ಕಾನೂನು ಆ ರಾಜ್ಯದಲ್ಲಿದೆ. ಒಂದು ಗಂಟೆಯ ಬಳಿಕ ಬೀದಿ ಮತ್ತೆ ಒಣಗಿತ್ತು. ಮರುದಿನ ಬೆಳಿಗ್ಗೆ ನನ್ನ ಅಳಿಯ ಪೈಪು ಹಿಡಿದು ಗಿಡಗಳಿಗೆ ನಲ್ಲಿಯ ನೀರು ಬಿಡುತ್ತಿದ್ದ.

ಆ ನಲ್ಲಿಯ ನೀರಿನ ಮೂಲವನ್ನು ವಿಚಾರಿಸಿದೆ. ಹಿಂದೆ ಆ ಊರು ಅಂತರ್ಜಲವನ್ನೇ ನಂಬಿತ್ತು. ಎತ್ತುತ್ತ ಹೋದಂತೆ ನೀರು ಪಾತಾಳಕ್ಕಿಳಿದು, ಊರಿನ ಸಾಂಟಾ ಕ್ರೂಸ್ ನದಿಯೂ ಒಣಗಿತು. ಈಗ ಹೆಚ್ಚಿನ ನೀರು ಬರುವುದು ಕೊಲರಾಡೊ ನದಿಯಿಂದ, ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯ ಮೂಲಕ, ಪಂಪುಗಳಿಂದ ಎತ್ತರಕ್ಕೆ ಏರಿಸಿ. ಆ ನದಿಯೂ ಸೊರಗಿ, 2021ರ ಆಗಸ್ಟಿನಲ್ಲಿ ಅಮೆರಿಕೆಯ ಸರಕಾರ ಮೊದಲ ಬಾರಿಗೆ ಅದರ ನೀರಿನ ಕೊರತೆಯನ್ನು ಅಧಿಕೃತವಾಗಿ ಘೋಷಿಸಿತು. ಮನೆಯ ಮುಂದೆ ಪುಕ್ಕಟೆಯಾಗಿ ಬಂದ ನೀರನ್ನು ಓಡಿಸಿ, ಅಷ್ಟು ದೂರದ ನೀರಿಗೆ ಹಣ ತೆರುವುದು ಎಂಥ ವಿವೇಕ! ಹೀಗೆಂದು ಬಾಯಿ ತೆರೆಯುವಷ್ಟರಲ್ಲಿ ಧಾರವಾಡದ ನನ್ನ ಅಂಗಳ ನೆನಪಾಗಿ ಸುಮ್ಮನಾದೆ.

ಮುಂದಿನ ರವಿವಾರ ಮಗಳು ನನ್ನನ್ನು ಡನ್ಬಾರ್ ಸ್ಪ್ರಿಂಗ್ ಎಂಬ ಬಡಾವಣೆಗೆ ಕರೆದೊಯ್ದಳು. ಅಲ್ಲಿ ಬೀದಿಯ ಎರಡೂ ಬದಿಗೆ ನೆರಳು. ಕಾಲುದಾರಿಯ ಪಕ್ಕದಲ್ಲಿ ಬೋಗುಣಿಯಾಕಾರದ ತಗ್ಗುಗಳು. ಅವುಗಳ ಸುತ್ತ ಮೆಸ್ಕೀಟ್ ಮರಗಳು. ರಸ್ತೆಯಂಚಿನ ಕಟ್ಟೆಗಲ್ಲನ್ನು ಅಲ್ಲಲ್ಲಿ ಕತ್ತರಿಸಿ, ಬೀದಿಯ ನೀರು ಆ ತಗ್ಗುಗಳಿಗೆ ಇಳಿಯುವಂತೆ ಬಾಯಿ ಬಿಟ್ಟಿದ್ದರು. ಇವೇ ಮಳೆದೋಟಗಳು. ಆ ಬಡಾವಣೆಯ ಬ್ರಾಡ್ ಲಂಕಾಸ್ಟರ್ ಎಂಬುವರು ನೆರೆಹೊರೆಯವರೊಡನೆ 1996ರಲ್ಲಿ ಗಿಡ ನೆಡುವ ಕೆಲಸ ಆರಂಭಿಸಿದರಂತೆ. ಕಟ್ಟೆಗಲ್ಲನ್ನು ಮೊದಲು ಕತ್ತರಿಸಿದುದು ಅನುಮತಿಯಿಲ್ಲದೆಯೇ. ಮುಂದೆ ನಗರಾಡಳಿತವೇ ಅದನ್ನು ಒಪ್ಪಿ ಕ್ರಮಬದ್ಧಗೊಳಿಸಿತು. ಅವರು ಈ ವಿದ್ಯೆಯನ್ನು ಕಲಿತುದಾದರೂ ಯಾರಿಂದ? ಆಫ್ರಿಕಾದ ಜಿಂಬಾಬ್ವೆಯ ಜೆಫನಾಯ ಫಿರಿ ಮಸೆಕೊ ಎಂಬ ರೈತರಿಂದ. ಒಣಭೂಮಿಯಲ್ಲಿ ಒಡ್ಡು ಹೊಂಡಗಳಿಂದ ಮಳೆಯನ್ನು ಇಂಗಿಸಿ ಬಾಳಿದವರು ಅವರು. ಗಿಡ ನೆಡುವುದಕ್ಕೆ ಮೊದಲು ನೀರನ್ನು ನೆಡಬೇಕೆಂಬುದು ಅವರ ಮತ. ಅವರಿಗೂ ಬಹು ಹಿಂದಿನಿಂದ, ಆ ಮರುಭೂಮಿಯ ಮೂಲನಿವಾಸಿಗಳಾದ ಓಡಮ್ ಜನರು ಹಳ್ಳದ ಬಾಯಲ್ಲಿ ಮುಂಗಾರಿನ ಪ್ರವಾಹವನ್ನು ಹರಡಿ ಟೆಪರಿ ಎಂಬ ಅವರೆಜಾತಿಯ ಕಾಳು ಬೆಳೆಯುತ್ತಿದ್ದರು.

ಬರಬರುತ್ತ ಸರಕಾರಿ ಕಾನೂನೂ ಈ ದಾರಿಗೆ ಬಂದಿದೆ. ಹೊಸ ವಾಣಿಜ್ಯ ಕಟ್ಟಡಗಳು ತಮ್ಮ ತೋಟಕ್ಕೆ ಬೇಕಾದ ನೀರಿನಲ್ಲಿ ಅರ್ಧವನ್ನು ಮಳೆಯಿಂದಲೇ ಪಡೆಯಬೇಕೆಂದು ಟೂಸಾನ್ ನಗರ 2008ರಲ್ಲಿ ನಿಯಮ ಮಾಡಿತು. 2020ರಿಂದ ನೀರಿನ ಬಿಲ್ಲಿನಲ್ಲೇ ಚಿಕ್ಕ ಶುಲ್ಕವೊಂದನ್ನು ಕೂಡಿಸಿ, ಬೀದಿಗಳಲ್ಲಿ ಇಂಥ ತೋಟಗಳನ್ನು ಮಾಡಿಸುತ್ತಿದೆ.

ನಾವೂ ಒಂದು ತೋಡುವುದೆಂದು ನಿಶ್ಚಯಿಸಿದೆವು. ಅಳಿಯ ನಗರಾಡಳಿತದ ಅನುಮತಿ ತಂದ. ಮೊದಲು ಸಣ್ಣ ಗುಂಡಿ ತೋಡಿ, ನೀರು ತುಂಬಿ, ಇಂಗಲು ಎಷ್ಟು ಹೊತ್ತು ಬೇಕೆಂದು ನೋಡಿದೆವು. ಒಂದು ದಿನದೊಳಗೆ ಇಂಗಿದರೆ ಸೊಳ್ಳೆಗಳ ಭಯವಿಲ್ಲ. ನಮ್ಮಲ್ಲಿ ಇಂಗಲೇ ಇಲ್ಲ! ಒಂದೂವರೆ ಅಡಿಯ ಕೆಳಗೆ ಕಲೀಚಿ ಎಂಬ ಸುಣ್ಣದ ಪದರು, ಕಲ್ಲಿನಂತೆ ಗಟ್ಟಿ. ಹಾರೆಯಿಂದ ಅದನ್ನು ಒಡೆಯಲು ಮೂರು ಮುಂಜಾವು ಹಿಡಿದವು. ಮನೆಯ ಅಡಿಪಾಯದಿಂದ ಹತ್ತು ಅಡಿ ದೂರ ಬಿಟ್ಟು ತಗ್ಗು ತೋಡಿದೆವು.

ಮುಂದಿನ ತಪ್ಪು ನನ್ನದು. ಮರಕ್ಕೆ ಕಟ್ಟೆಯಿದ್ದರೆ ಗೌರವ ಎಂದು ಬಾಲ್ಯದಿಂದ ಕಂಡವನು ನಾನು. ತೋಡಿದ ಮಣ್ಣನ್ನೆಲ್ಲ ತಂದು ತಗ್ಗಿನ ನಡುವೆ ಒಟ್ಟಿ, ಅದರ ಮೇಲೆ ಮೆಸ್ಕೀಟ್ ಸಸಿಯನ್ನು ನೆಡಿಸಿದೆ. ಉಳಿದ ಮಣ್ಣಿನಿಂದ ಬೀದಿಯ ಬದಿಗೂ ಅಂದವಾದ ದಿಬ್ಬ ಮಾಡಿದೆ. ಮರುವಾರದ ಮಳೆ ನಮ್ಮ ತೋಟದ ಮುಂದೆಯೇ ಹರಿದುಹೋಯಿತು; ಒಳಗೆ ಒಂದು ಬಿಂದಿಗೆಯೂ ಬರಲಿಲ್ಲ. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ದಿಬ್ಬಾ ಮಾಡಿದ್ರ ನೀರು ಎಲ್ಲಿಂದ ಒಳಗ ಬರಬೇಕ್ರಿ?" ಎಂದಳು. ದನಿ ತಾಯಿಯದೇ. ಈ ಸಲ ನಾನು ಗದರಲಿಲ್ಲ. ಸಲಿಕೆಯನ್ನು ಎತ್ತಿಕೊಂಡೆ.

ಎಲ್ಲವನ್ನೂ ಕಿತ್ತು ಮತ್ತೆ ಮಾಡಿದೆವು. ಬೀದಿಯ ಕಾಲುವೆಗಿಂತ ತಗ್ಗಿನ ತಳ ಎಂಟು ಅಂಗುಲ ಕೆಳಗಿರಬೇಕು. ಅದೂ ಮರದ ಚಕ್ಕೆಗಳನ್ನು ಹರವಿದ ಮೇಲೆ ಉಳಿಯುವ ಆಳ. ನೀರು ಒಳಬರುವ ಬಾಯಿಗೆ ಕಲ್ಲುಗಳನ್ನು ಹಾಸಿ, ರಸ್ತೆಯ ಮಣ್ಣು ಕಸ ಅಲ್ಲಿಯೇ ನಿಲ್ಲಲು ಸಣ್ಣ ಗುಳಿಯೊಂದನ್ನು ಬಿಟ್ಟೆವು. ಅದನ್ನು ಆಗಾಗ ಬಳಿಯುತ್ತಿರಬೇಕು. ತಳದಲ್ಲಿ ನೀರನ್ನು ತಾಳುವ ಹುಲ್ಲು. ಮರವನ್ನು ಅಂಚಿನ ಇಳಿಜಾರಿನಲ್ಲಿ, ಬುಡಕ್ಕೆ ನೀರು ನಿಲ್ಲದ ಹಾಗೆ. ತುಂಬಿ ಹೆಚ್ಚಾದ ನೀರು ಬಂದ ಬಾಯಿಯಿಂದಲೇ ಮರಳಿ ಬೀದಿಗೆ ಹೋಗುತ್ತದೆ. ಮಾಳಿಗೆಯ ನೀರನ್ನೂ ಇದಕ್ಕೇ ತಿರುಗಿಸಿದೆವು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಮಗಳ ಮನೆಯ 150 ಚದರ ಮೀಟರ್ ಮಾಳಿಗೆಯ ಮೇಲೆ ಆ ಮರುಭೂಮಿಯಲ್ಲಿಯೂ ವರ್ಷಕ್ಕೆ ಸುಮಾರು 40 ಸಾವಿರ ಲೀಟರ್ ಬೀಳುತ್ತದೆ!

ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ಮತ್ತೆ ಮಳೆ ಬಂದಿತು. ಕೊಡೆ ಹಿಡಿದು ಮೂವರೂ ಹೊರಗೆ ನಿಂತೆವು. ಬೀದಿಯ ಕೆಂಪು ನೀರು ಕಲ್ಲುಗಳ ಮೇಲೆ ತೊದಲುತ್ತ ಒಳಗಿಳಿಯಿತು. ಚಕ್ಕೆಗಳು ತೇಲಿದವು, ತಗ್ಗು ತುಂಬಿತು. ಬೆಳಿಗ್ಗೆ ನೋಡಿದರೆ ನೀರಿಲ್ಲ; ಒದ್ದೆ ಮಣ್ಣು ಮಾತ್ರ. ಕೂತು ಅದಕ್ಕೆ ಅಂಗೈಯಿಟ್ಟೆ. ತಂಪಾಗಿತ್ತು. ಮಗಳು ಏನೂ ಕೇಳಲಿಲ್ಲ. ನನ್ನ ಕಣ್ಣು ಏಕೆ ಒದ್ದೆಯಾಯಿತೆಂಬುದು ಅವಳಿಗೆ ತಿಳಿದಿತ್ತು.

ತಗ್ಗಿದ ಕಡೆಗೇ ನೀರು ಎಂಬುದು ನಮ್ಮ ಹಳ್ಳಿಯ ಅಜ್ಜಿಯರ ಬಾಯಲ್ಲಿದ್ದ ಮಾತು. ವಿನಯವನ್ನು ಬೋಧಿಸುವಾಗಲೆಲ್ಲ ನಾನು ಅದನ್ನು ದೃಷ್ಟಾಂತವಾಗಿ ಹೇಳಿದ್ದುಂಟು. ಅದು ಮೊದಲು ನೀರಿನ ಮಾತು, ನೆಲದ ಮಾತು ಎಂಬುದು ಹಾರೆ ಹಿಡಿದ ಮೇಲೆ ನನ್ನ ಅರಿವಿಗೆ ಬಂದಿತು.

ಊರಿಗೆ ಮರಳಿದ ತಿಂಗಳಲ್ಲೇ ಅಂಗಳದ ಕಾಂಕ್ರೀಟನ್ನು ಅರ್ಧದಷ್ಟು ಒಡೆಸಿದೆ. ನಡೆಯಲು ಒಂದು ದಾರಿ ಉಳಿಸಿ, ಬಾವಿಯ ಪಕ್ಕದಲ್ಲಿ ತಗ್ಗು ತೋಡಿಸಿ, ಮಾಳಿಗೆಯ ನೀರನ್ನು ಅದಕ್ಕೆ ಬಿಟ್ಟಿದ್ದೇನೆ. ಬಾವಿಗೆ ಇನ್ನೂ ನೀರು ಬಂದಿಲ್ಲ. ಬರುವುದೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ಅಂಗಳದ ಮಳೆ ಗಟಾರಕ್ಕೆ ಹೋಗುವುದು ಬಹುಮಟ್ಟಿಗೆ ನಿಂತಿದೆ. ತಗ್ಗಿನ ಅಂಚಿನಲ್ಲಿ ಪಾರಿಜಾತದ ಸಸಿಯೊಂದನ್ನು ನೆಟ್ಟಿದ್ದೇನೆ. ಅದನ್ನು ತಂದುದು ಮಡದಿಯ ತವರಿನಿಂದಲೇ.

ಮನೆ ಕಟ್ಟಿಸುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಅಂಗಳಕ್ಕೆ ಸಿಮೆಂಟು ಹಾಕಿಸುವ ಮುನ್ನ ಮನೆಯ ಹೆಣ್ಣುಮಕ್ಕಳು ಏನಾದರೂ ಕೇಳಿದರೆ, ದಯಮಾಡಿ ಒಂದು ಗಳಿಗೆ ನಿಂತು ಉತ್ತರವನ್ನು ಯೋಚಿಸಿರಿ.