ಮಸ್ಕಿಯ ಶಿಲೆಯೂ ವಿದ್ಯಾರ್ಥಿವೇತನವೂ

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಗುರುತಿಸಿದ ಶಾಸನವು ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಆ ಹೆಸರಿನಷ್ಟೇ ಮುಖ್ಯವಾದುದು ಶಾಸನದ ತಿರುಳು: ಧರ್ಮನಿಷ್ಠನಾದರೆ ಸಾಮಾನ್ಯನೂ ಉನ್ನತಿಯನ್ನು ಪಡೆಯಬಲ್ಲನು; ಅದು ದೊಡ್ಡವರಿಗಷ್ಟೇ ಮೀಸಲೆಂದು ಬಗೆಯಬಾರದು.

ಇಂದು ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಬಡ ಮನೆಯ ಮಕ್ಕಳಿಗೆ ಉನ್ನತಿಯ ದಾರಿಯೆಂದರೆ ಕಾಲೇಜು. ಪಿಯುಸಿಯಲ್ಲಿ ತಮ್ಮ ವಿಭಾಗದ ಉತ್ತೀರ್ಣರ ಪೈಕಿ ಮೇಲಿನ ಶೇ. 20ರೊಳಗೆ ಬಂದವರಿಗೆ, ಕುಟುಂಬದ ವಾರ್ಷಿಕ ವರಮಾನ 4.5 ಲಕ್ಷ ರೂಪಾಯಿ ಮೀರದಿದ್ದರೆ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವುಂಟು. ಪದವಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ಆದರೆ ರಾಜ್ಯದ ವಿದ್ಯಾರ್ಥಿವೇತನವನ್ನಾಗಲಿ ಶುಲ್ಕ ಮರುಪಾವತಿಯನ್ನಾಗಲಿ ಪಡೆಯುತ್ತಿರುವವರಿಗೆ ಅದು ಸಲ್ಲದು. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮವೂ ಎರಡರಲ್ಲೊಂದನ್ನೇ ಆರಿಸಿಕೊಳ್ಳಲು ಹೇಳುತ್ತದೆ.

ಒಬ್ಬರಿಗೇ ಎರಡು ಪಾಲು ಬೇಡವೆಂಬ ತರ್ಕ ಸರಿಯೆನಿಸೀತು. ಆದರೆ ಬಡತನಕ್ಕೆ ಸಲ್ಲುವುದು ಆಸರೆ, ಪ್ರತಿಭೆಗೆ ಸಲ್ಲುವುದು ಮನ್ನಣೆ. ಶುಲ್ಕ ಹೆಚ್ಚಿರುವ ಕೋರ್ಸಿನಲ್ಲಿ ಮನ್ನಣೆಯನ್ನು ಆರಿಸಿದವನು ಆಸರೆಯನ್ನು ಕಳೆದುಕೊಂಡು ಓದನ್ನೇ ಬಿಡಬೇಕಾದೀತು. ಆಸರೆಯನ್ನು ಉಳಿಸಿಕೊಂಡವನ ಅಂಕಗಳಿಗೆ ಬೆಲೆಯೇ ಬಾರದು. ಆದ್ದರಿಂದ ಅರ್ಜಿಗೆ ಮುನ್ನ ಶುಲ್ಕ, ಹಾಸ್ಟೆಲು, ಪುಸ್ತಕಗಳ ಲೆಕ್ಕವನ್ನು ಮನೆಯಲ್ಲಿ ಕುಳಿತು ಹಾಕಲೇಬೇಕು. ಸಾಮಾನ್ಯನೂ ಏರಬಲ್ಲನೆಂದು ಸಾರಿದ ಶಿಲೆಯ ನೆಲದಲ್ಲಿ, ಏರುವವನ ಕೈಗೆ ಎರಡು ಊರುಗೋಲು ಅತಿಯಾಗಲಾರದು.