ಬ್ಯಾಡಗಿ ಚೀಲದ ಫೋನ್ ನಂಬರ್

ಮಳೆ ಹಿಡಿದು ಕರೆಂಟು ಹೋದ ರಾತ್ರಿ ನಮ್ಮ ಮನೆಯಲ್ಲಿ ಈ ಕಥೆ ಕೇಳದವರಿಲ್ಲ. ಪ್ರತಿ ಸಲ ಹೇಳುವವರು ಬೇರೆ, ಹಾಗಾಗಿ ಖಾರಪುಡಿಯ ತೂಕವೂ ಪ್ರತಿ ಸಲ ಬೇರೆ. ತಂಗಿ ಹೇಳಿದರೆ ಎರಡು ಕಿಲೋ, ಬ್ಯಾಡಗಿಯ ಕಾಕಾ ಹೇಳಿದರೆ ಐದು. ನನ್ನ ಲೆಕ್ಕದಲ್ಲಿ ನಾಲ್ಕು.

2022ರ ಜೂನ್. ತಂಗಿಯ ಬಾಣಂತನಕ್ಕೆಂದು ಅವ್ವನನ್ನು ಡೆಟ್ರಾಯಿಟ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೊರೊನಾ ಎರಡು ವರ್ಷ ಎಲ್ಲರನ್ನೂ ಕಟ್ಟಿಹಾಕಿತ್ತಲ್ಲ, ಅವ್ವ ಆ ಎರಡು ವರ್ಷದ್ದನ್ನೂ ಸೇರಿಸಿ ಬ್ಯಾಗು ತುಂಬಿದಳು. ರಾಣೆಬೆನ್ನೂರಿನಲ್ಲಿ ಬಡಿಸಿದ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಂಟಿನುಂಡಿ, ಬಜೆ, ಕೂಸಿಗೆ ಕುಲಾಯಿ. ತೊಟ್ಟಿಲ ಕಾರ್ಯಕ್ಕೆ ಹಾವೇರಿಯಿಂದ ಒಂದು ಏಲಕ್ಕಿ ಹಾರ. ಮಂತ್ರಿಗಳ ಕೊರಳಿಗೆ ಬೀಳುವ ಹಾರ ತನ್ನ ಮೊಮ್ಮಗನ ತೊಟ್ಟಿಲಿಗೂ ಬೀಳಲಿ ಎಂದು ಅವಳ ಹಟ. ಎಲ್ಲದರ ತಳಕ್ಕೆ ಕೌದಿ. ನನ್ನ ಅಜ್ಜಿ, ಅಂದರೆ ಅವ್ವನ ಅತ್ತೆ, ಹಳೆಯ ಸೀರೆಗಳನ್ನು ಜೋಡಿಸಿ ಕೈಯಿಂದ ಹೊಲಿದದ್ದು. ನಾನು, ತಂಗಿ ಇಬ್ಬರೂ ಅದರಲ್ಲೇ ಮಲಗಿ ಬೆಳೆದವರು.

ಖಾರ ಮಾತ್ರ ಅವ್ವನ ತವರು ಬ್ಯಾಡಗಿಯಿಂದಲೇ ಬರಬೇಕು. ಅಲ್ಲಿ ಅವ್ವನ ಕಾಕಾನದು ದಲಾಲಿ ಅಂಗಡಿ, ನಮಗೂ ಅವನು ಕಾಕಾನೇ. ಸಾಲಾಗಿ ಇಟ್ಟ ಚೀಲಗಳ ನಡುವೆ ಅಡ್ಡಾಡಿ, ಸುಕ್ಕು ನೋಡಿ, ಮುರಿದು ಮೂಸಿ, ಡಬ್ಬಿ ತಳಿಯ ಮೆಣಸಿನಕಾಯಿ ಆರಿಸಿ ಕೊಟ್ಟಿದ್ದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ಬಣ್ಣಕ್ಕೆ, ಸುವಾಸನೆಗೆ. ಖಾರಕ್ಕಿಂತ ಕೆಂಪೇ ಅದರ ಹೆಚ್ಚುಗಾರಿಕೆ, ಈ ಮಾತು ಮುಂದೆ ಬೇಕಾಗುತ್ತದೆ. ಕುಟ್ಟಿಸಿದ ಪುಡಿಯನ್ನು ಅವ್ವ ತವರಿನ ಸ್ಟೀಲ್ ಡಬ್ಬಿಗೆ ತುಂಬಿ, ಡಬ್ಬಿಯನ್ನು ಕಾಕಾನ ಅಂಗಡಿಯ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ದೀಪಾವಳಿ ಲಕ್ಷ್ಮಿಪೂಜೆಗೆ ಬಂದವರಿಗೆ ಕೊಡಲು ಮಾಡಿಸುತ್ತಾರಲ್ಲ, ಅಂಥ ಚೀಲ. ಮೇಲೆ ಅಂಗಡಿಯ ಹೆಸರು, ಅದರ ಕೆಳಗೆ ‘ಮೆಣಸಿನಕಾಯಿ ದಲಾಲರು, ಎಪಿಎಂಸಿ ಯಾರ್ಡ್, ಬ್ಯಾಡಗಿ’, ಕೊನೆಗೆ ಎರಡು ಮೊಬೈಲ್ ನಂಬರು.

ಬೆಂಗಳೂರಿನಿಂದ ವಿಮಾನ ಏಳುವುದೇ ತಡವಾಯಿತು. ಯುರೋಪಿನ ಒಂದು ದೊಡ್ಡ ನಿಲ್ದಾಣದಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯಬೇಕಿತ್ತು. ಮೊಣಕಾಲು ನೋವಿನ ಅವ್ವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಲ್ಲಿಯ ಹುಡುಗ ಓಡಿದ, ಅವನ ಹಿಂದೆ ನಾನು. ಬಾಗಿಲು ಮುಚ್ಚುವುದರೊಳಗೆ ನಾವು ಹತ್ತಿದೆವು. ಬ್ಯಾಗಿಗೆ ಕಾಲಿಲ್ಲ.

ಡೆಟ್ರಾಯಿಟ್‌ನ ಬೆಲ್ಟಿನ ಮೇಲೆ ನಮ್ಮ ಮೂರು ಬ್ಯಾಗು ಬಂದವು. ಅವ್ವನ ಹಸಿರು ಬ್ಯಾಗು ಬರಲಿಲ್ಲ. ಅವಳ ಸೀರೆ, ಕೂಸಿನ ಸಾಮಾನು ಎಲ್ಲ ಇದ್ದದ್ದು ಅದರಲ್ಲೇ. ಬೆಲ್ಟು ನಿಂತಿತು. ಅವ್ವ ಅಲ್ಲಾಡಲಿಲ್ಲ. “ತಡಿ ತಮ್ಮಾ, ಇನ್ನೊಂದ್ ಸುತ್ತ ಹಾಕ್ತಾರೇನ ನೋಡೂನು” ಎಂದಳು.

ಕಂಪನಿಯ ಮೇಜಿನ ಹಿಂದಿದ್ದ ಹೆಣ್ಣುಮಗಳು ಬೈಸಿಕೊಂಡು ಬೈಸಿಕೊಂಡು ಸೋತಂತಿದ್ದಳು. ನಾವು ಬೈಯಲಿಲ್ಲ ಎಂಬುದೇ ಅವಳಿಗೆ ಸಮಾಧಾನವಾದಂತಿತ್ತು. ಬೋರ್ಡಿಂಗ್ ಪಾಸಿಗೆ ಅಂಟಿಸಿದ್ದ ಹತ್ತಂಕಿಯ ಟ್ಯಾಗ್ ಸಂಖ್ಯೆ ಬರೆದುಕೊಂಡಳು. ಬ್ಯಾಗುಗಳ ಚಿತ್ರವಿರುವ ಒಂದು ಹಾಳೆ ಮುಂದಿಟ್ಟು, ನಿಮ್ಮದು ಇದರಲ್ಲಿ ಯಾವ ಥರದ್ದು, ಬೆರಳಿಡಿ ಎಂದಳು. ಜಗತ್ತಿನ ಎಲ್ಲ ಬ್ಯಾಗುಗಳಿಗೂ ಅದರಲ್ಲಿ ನಂಬರು, ಬಣ್ಣಗಳಿಗೆ ಎರಡೆರಡು ಅಕ್ಷರದ ಗುರುತು. ಅವ್ವ ಬೆರಳಿಟ್ಟಳು, ಇಟ್ಟ ಮೇಲೆ ನನಗೆ ಹೇಳಿದಳು: “ಮ್ಯಾಲೆ ಕೆಂಪು ಹಗ್ಗ ಕಟ್ಟೇನಿ ಅಂತ ಹೇಳಪಾ.” ಹೇಳಿದೆ. ಹಗ್ಗಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ. ಒಳಗೆ ಬೇಗ ಗುರುತು ಸಿಗುವಂಥದ್ದು ಏನಿದೆ ಎಂದು ಕೇಳಿದಳು. ಕೌದಿ, ಖಾರ ಎಂದು ನನಗೆ ತಿಳಿದ ಇಂಗ್ಲಿಷಿನಲ್ಲಿ ವಿವರಿಸಿದೆ. ಹೊದಿಕೆ, ಮಸಾಲೆ ಎಂದು ಬರೆದುಕೊಂಡಳು. ಪಿಐಆರ್ ಎಂಬ ದೂರಿನ ಚೀಟಿ ಕೈಗೆ ಬಂತು.

ಆ ಬೇಸಿಗೆಯಲ್ಲಿ ಇದು ನಮ್ಮೊಬ್ಬರ ಗೋಳಾಗಿರಲಿಲ್ಲ. ಕೊರೊನಾ ಕಾಲದಲ್ಲಿ ಸಾಮಾನು ಎತ್ತಿಳಿಸುವ ನೌಕರರನ್ನು ಮನೆಗೆ ಕಳಿಸಿದ್ದರು. ಜನ ಮಾತ್ರ ಒಮ್ಮೆಲೇ ಮುಗಿಬಿದ್ದಿದ್ದರು. ನಿಲ್ದಾಣಗಳಲ್ಲಿ ಬ್ಯಾಗುಗಳ ರಾಶಿ ಬಿದ್ದಿತ್ತು. ಜುಲೈನಲ್ಲಿ ಲಂಡನ್ನಿನ ಹೀಥ್ರೂವಿನಿಂದ ಒಂದು ವಿಮಾನ ಪ್ರಯಾಣಿಕರೇ ಇಲ್ಲದೆ 1,000 ಬ್ಯಾಗು ಹೊತ್ತು ಇದೇ ಡೆಟ್ರಾಯಿಟ್‌ಗೆ ಬಂದಿಳಿಯಿತು. ಸುದ್ದಿ ಕೇಳಿ ತಂಗಿಯ ಗಂಡ ಆಸೆಯಿಂದ ಫೋನು ಹಚ್ಚಿದ. ಅದು ಬೇರೆ ಕಂಪನಿಯದು. ವಿಮಾನ ಸಂಸ್ಥೆಗಳಿಗೆ ತಂತ್ರಾಂಶ ಒದಗಿಸುವ ಸೀಟಾ ಸಂಸ್ಥೆಯ ಪ್ರಕಾರ, ಆ ವರ್ಷ ಸಾವಿರ ಪ್ರಯಾಣಿಕರಿಗೆ 7.6ರಂತೆ ಸುಮಾರು 2.6 ಕೋಟಿ ಬ್ಯಾಗುಗಳು ತಡವಾದವು, ಹಾಳಾದವು, ಇಲ್ಲವೇ ಕಳೆದವು. ವಿಮಾನ ಬದಲಿಸುವ ಕಡೆಯೇ ಇಂಥ ಎಡವಟ್ಟು ಹೆಚ್ಚು.

ಅವ್ವನ ಮೈಮೇಲೆ ಒಂದು ಇಳಕಲ್ ಸೀರೆ ಬಿಟ್ಟರೆ ಬೇರೆ ಇರಲಿಲ್ಲ. ರಾತ್ರಿ ತಂಗಿಯ ನೈಟಿ, ಬೆಳಗಾದರೆ ತೊಳೆದು ಒಣಗಿಸಿದ ಅದೇ ಸೀರೆ. ಸುದ್ದಿ ಅಲ್ಲಿಯ ಪಂಪ ಕನ್ನಡ ಕೂಟದ ಹೆಣ್ಣುಮಕ್ಕಳಿಗೆ ಮುಟ್ಟಿತು. ಒಬ್ಬರು ಸೀರೆ ತಂದರು, ಒಬ್ಬರು ರೊಟ್ಟಿ, ಗದಗಿನ ಕಡೆಯವರೊಬ್ಬರು ತಮ್ಮ ಮಗನ ಕುಲಾಯಿ ಕೊಟ್ಟುಹೋದರು. ಅಂಗಡಿಯ ಅಂಟು, ಬಾದಾಮಿ ತಂದು ಅವ್ವ ಹೊಸದಾಗಿ ಉಂಡಿ ಕಟ್ಟಿದಳು. ಕೂಸು ಹುಟ್ಟಿತು, ನೀರು ಹಾಕಿದ್ದಾಯಿತು. ಕೌದಿಗೆ ಮಾತ್ರ ಬದಲಿ ಸಿಗಲಿಲ್ಲ.

ಬ್ಯಾಗು 21 ದಿನದೊಳಗೆ ಸಿಗದಿದ್ದರೆ ಅದನ್ನು ಕಳೆದದ್ದೆಂದೇ ಎಣಿಸಿ ಪರಿಹಾರ ಕೇಳಬಹುದು. 1999ರ ಮಾಂಟ್ರಿಯಲ್ ಒಪ್ಪಂದದ ನಿಯಮ ಅದು, ಭಾರತ ಸೇರಿದ್ದು 2009ರಲ್ಲಿ. ಅದಕ್ಕೂ ಹಿಂದೆ 1929ರ ವಾರ್ಸಾ ಒಪ್ಪಂದದಡಿ ಕಿಲೋಗೆ ಇಷ್ಟು ಎಂದು ತೂಕದ ಮೇಲೆ ಕೊಡುತ್ತಿದ್ದರು. ಈಗ ತಲೆಗೆ ಇಷ್ಟು ಎಂಬ ಮಿತಿ. ಐಎಂಎಫ್‌ನ ಎಸ್‌ಡಿಆರ್ ಲೆಕ್ಕದಲ್ಲಿ ಆಗ 1,288, ನಮ್ಮ ರೊಕ್ಕದಲ್ಲಿ ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸು. 2024ರ ಡಿಸೆಂಬರ್ 28ರಿಂದ ಅದು 1,519 ಆಗಿದೆ. ಮಿತಿ ಎಂದರೆ ಅಷ್ಟೂ ಕೊಡುತ್ತಾರೆಂದಲ್ಲ. ಏನು ಕಳೆಯಿತು, ಎಷ್ಟರದ್ದು ಎಂದು ನಾವು ತೋರಿಸಬೇಕು.

ಹಾಗೆ ತೋರಿಸಲು ಕಂಪನಿ ಕಳಿಸಿದ ಫಾರಂ ತುಂಬಲು ಒಂದು ಸಂಜೆ ಕೂತೆವು. ತಂಗಿಯ ಮಡಿಲಲ್ಲಿ ಲ್ಯಾಪ್‌ಟಾಪು, ಅವ್ವನ ಮಡಿಲಲ್ಲಿ ಕೂಸು. ವಸ್ತು, ತಯಾರಿಸಿದ ಕಂಪನಿ, ಕೊಂಡ ವರ್ಷ, ಬೆಲೆ, ರಸೀದಿ ಎಂದು ಐದು ಮನೆಗಳು. ಏಲಕ್ಕಿ ಹಾರಕ್ಕೆ ಬಿಲ್ಲಿತ್ತು, ಸರಾಗ ಹೋಯಿತು. ಸೀರೆಗಳಲ್ಲಿ ಅರ್ಧ ಆಯಾರಕ್ಕೆ ಬಂದವು. ಖಾರಕ್ಕೆ ಕಾಕಾ ದುಡ್ಡೇ ಇಸಿದುಕೊಂಡಿರಲಿಲ್ಲ.

“ಕೌದಿ. ಮಾಡಿದ ಕಂಪನಿ?” ಎಂದಳು ತಂಗಿ.

“ನಮ್ಮತ್ತಿ.”

“ಬಿಲ್ಲು?”

“ಅಕಿ ತೀರಿಕೊಂಡು ಹದಿನೆಂಟು ವರ್ಷಾತು, ಯಾರನ್ನ ಕೇಳ್ತಿ?”

ಬೆಲೆಯ ಮನೆಯಲ್ಲಿ ಸೊನ್ನೆ ಹಾಕಿದರೆ ಫಾರಂ ಮುಂದಕ್ಕೆ ಹೋಗಲೊಲ್ಲದು. ಇಲ್ಲಿ ಕೈಹೊಲಿಗೆಯ ಹೊದಿಕೆ ಮುನ್ನೂರು ಡಾಲರಿಗೆ ಕಡಿಮೆ ಇಲ್ಲ, ಅದನ್ನೇ ಹಾಕೋಣ ಅಣ್ಣಾ ಎಂದಳು ತಂಗಿ. ನನಗೂ ಸರಿ ಕಂಡಿತು, ನ್ಯಾಯವಾದ ಬೆಲೆಯೇ ಅದು. ಅವ್ವ ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು ಹೇಳಿದಳು: “ಅದರದು ಬರೀಬ್ಯಾಡ್ರಿ. ರೊಕ್ಕ ತಗೊಂಡ್ರ ಮಾರಿದಂಗ ಆಗತೈತಿ. ಆಮ್ಯಾಲೆ ಸಿಕ್ಕರೂ ಅವರ ಇಟ್ಕೊತಾರ.” ಕಂಪನಿ ಹಾಗೇನೂ ಮಾಡುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೌದಿಯ ಸಾಲು ಅಳಿಸಿದೆವು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆ ಫಾರಮ್ಮನ್ನು ಸರಿಯಾಗಿ ಓದಿದವಳು ಅವಳೊಬ್ಬಳೇ.

ರಜೆ ಮುಗಿದು ನಾನು ರಾಣೆಬೆನ್ನೂರಿಗೆ ಮರಳಿದೆ, ಅವ್ವ ಅಲ್ಲೇ ಉಳಿದಳು. ಮಳೆಗಾಲ. ಬ್ಯಾಡಗಿ ಪ್ಯಾಟೆಯಲ್ಲಿ ಸೀಜನ್ ಮುಗಿದಿತ್ತು. ಸೀಜನ್ನಿನ ಸೋಮವಾರ, ಗುರುವಾರ ಅಲ್ಲಿ ಲಕ್ಷ ಚೀಲಕ್ಕೂ ಮಿಕ್ಕಿ ಮಾಲು ಬಂದು ಬೀಳುತ್ತದೆ. ಜನವರಿಯಾಗಿದ್ದರೆ ಕಾಕಾ ಗುರುತಿಲ್ಲದ ನಂಬರಿನ ಫೋನು ಎತ್ತುತ್ತಲೇ ಇರಲಿಲ್ಲ. ಆವತ್ತು ಖಾಲಿ ಕೂತಿದ್ದ, ಎತ್ತಿದ.

“ಹಲೋ, ಬ್ಯಾಡಗಿಯಾ? ನಾನು ಗಲ್ಫ್‌ನಿಂದ ಮಾತಾಡುದು. ನಿಮ್ಮ ಅಂಗಡಿಯ ಚೀಲ ಒಂದು ಇಲ್ಲಿ ಉಂಟು, ಒಳಗೆ ಮೆಣಸಿನ ಪುಡಿ. ಯಾರದ್ದು ಮಾರಾಯ್ರೆ?”

ಕಾಕಾ ಫೋನು ಕಟ್ ಮಾಡಿದ. ಇನ್ನೇನು ಒಟಿಪಿ ಕೇಳುತ್ತಾನೆ ಎಂದು ಅವನ ಲೆಕ್ಕ. ಎರಡನೇ ಸಲವೂ ಕಟ್. ಕರೆ ಮಾಡಿದವನು ಉಡುಪಿ ಕಡೆಯ ಹುಡುಗ, ಕೊಲ್ಲಿಯ ಒಂದು ನಿಲ್ದಾಣದಲ್ಲಿ ವಾರಸುದಾರರಿಲ್ಲದ ಬ್ಯಾಗುಗಳ ವಿಭಾಗದಲ್ಲಿ ಕೆಲಸ. ಬೈದುಕೊಳ್ಳದೆ ವಾಟ್ಸಾಪಿಗೆ ಎರಡು ಫೋಟೋ ಕಳಿಸಿದ. ಒಂದರಲ್ಲಿ ಚೀಲ, ಇನ್ನೊಂದರಲ್ಲಿ ಡಬ್ಬಿಯ ಮುಚ್ಚಳ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಹೆಸರು ಕಾಕಾನ ಅಪ್ಪನದೇ. ಅವ್ವನ ಮದುವೆಯಲ್ಲಿ ತವರಿನಿಂದ ಕೊಟ್ಟ ಡಬ್ಬಿ ಅದು.

ನನಗೆ ಫೋನು ಬಂದಾಗ ಕಾಕಾನ ದನಿ ಏರಿತ್ತು. “ತಮ್ಮಾ, ನಿಮ್ಮವ್ವನ ಖಾರ ಅರಬರ ದೇಶದಾಗ ಐತಿ ನೋಡು! ಡೆಟ್ರಾಯಿಟ್ ಅಂದ್ರ ಅಲ್ಲೇನು?” ಆಮೇಲೆ ದಲಾಲನ ಲೆಕ್ಕ ಶುರುವಾಯಿತು. “ನಮ್ಮ ಯಾರ್ಡಿನ್ಯಾಗ ಇಷ್ಟ್ ಚೀಲ ಬರ್ತಾವು. ಒಂದ್ ಲಾಟಿನ ಚೀಲ ಇನ್ನೊಂದಕ್ಕ ಸೇರಿದ್ರ ಸಂಜಿ ಅನ್ನೂದ್ರಾಗ ಹಮಾಲ್ರ ಹುಡುಕಿ ತರ್ತಾರ. ಅಷ್ಟ್ ದೊಡ್ಡ ಕಂಪನಿಗೆ ಒಂದ್ ಬ್ಯಾಗ್ ಸಿಗವಲ್ತಂದ್ರ ಏನದು?”

ಆಗಿದ್ದು ಹೀಗಿರಬೇಕು. ಹಿಂದೆ ಉಳಿದ ಬ್ಯಾಗಿಗೆ ‘ರಶ್’ ಎಂಬ ಇನ್ನೊಂದು ಟ್ಯಾಗ್ ಹಾಕಿ, ಜಾಗವಿರುವ ಯಾವುದಾದರೂ ವಿಮಾನಕ್ಕೆ ಏರಿಸುತ್ತಾರೆ. ನಮ್ಮ ಬ್ಯಾಗಿನ ಟ್ಯಾಗು ನಡುವೆ ಎಲ್ಲೋ ಹರಿದಿತ್ತು. ಹತ್ತಂಕಿಯ ಸಂಖ್ಯೆ ಹೋದರೆ ಯಂತ್ರದ ಪಾಲಿಗೆ ಬ್ಯಾಗು ಅನಾಥ. ಜಗತ್ತಿನ ಅನೇಕ ಕಂಪನಿಗಳು ಬಳಸುವ ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆ ಬಣ್ಣ, ಆಕಾರ, ಒಳಗಿನ ವಸ್ತು ತಾಳೆ ನೋಡುತ್ತದೆ, ಆದರೆ ಹಸಿರು ಬ್ಯಾಗಿನಲ್ಲಿ ಹೊದಿಕೆ, ಮಸಾಲೆ ಇರುವವರು ನಾವೊಬ್ಬರೇ ಅಲ್ಲವಲ್ಲ. ಕೊಲ್ಲಿಯ ಕಡೆಗೆ ಅದು ಹೇಗೆ ಹತ್ತಿತು ಎಂಬುದನ್ನು ಕಂಪನಿ ಕೊನೆಗೂ ಹೇಳಲಿಲ್ಲ. ವಾರಸುದಾರರ ಗುರುತು ಹುಡುಕಲು ಬ್ಯಾಗು ಬಿಚ್ಚಿದಾಗ ಆ ಹುಡುಗನ ಕಣ್ಣಿಗೆ ಬಿದ್ದದ್ದು ಕನ್ನಡ ಅಕ್ಷರ.

ನಾನು ದೂರಿನ ಸಂಖ್ಯೆ ಅವನಿಗೂ ಕಂಪನಿಗೂ ಕಳಿಸಿದೆ. ಮುಂದಿನ ವಾರ ತಂಗಿಯ ಬಾಗಿಲಿಗೆ ವ್ಯಾನು ಬಂತು. ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದೆ. ಕೆಂಪು ಹಗ್ಗ ಇರಲಿಲ್ಲ, ಒಂದು ಗಾಲಿ ಮುರಿದಿತ್ತು. ಜಿಪ್ಪು ಎಳೆದವಳೇ ತಂಗಿ ಸೀನಿದಳು, ಹಿಂದೆ ಅವಳ ಗಂಡ. ಡಬ್ಬಿಯ ಮುಚ್ಚಳ ಸಡಿಲಾಗಿ ಪುಡಿ ಚೀಲದಿಂದ ಸೋರಿತ್ತು. ರೊಟ್ಟಿ ನುಚ್ಚಾಗಿದ್ದವು. ಕೌದಿಯ ಒಂದು ಅಂಚು ಪೂರ್ತಿ ಕೆಂಪು. ಡಬ್ಬಿ ಮೆಣಸಿನಕಾಯಿಯ ಬಣ್ಣ, ಹೋಗುವುದಲ್ಲ. ಅವ್ವ ಮೂರು ಸಲ ಒಗೆದು, ಬಿಸಿಲಿಗೆ ಹಾಕಿ, ತಾನು ಒಂದು ರಾತ್ರಿ ಹೊದ್ದು ಮಲಗಿ ಉರಿ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಕೂಸಿಗೆ ಹಾಸಿದಳು.

ಬ್ಯಾಗು ಸಿಕ್ಕ ಮೇಲೆ ಕಂಪನಿ ಪರಿಹಾರದ ಕಡತ ಮುಚ್ಚಿತು. ಆ ನಡುವೆ ಅವ್ವನಿಗೆ ಕೊಂಡ ಸ್ವೆಟರು, ಚಪ್ಪಲಿಗಳ ಬಿಲ್ಲಿನ ದುಡ್ಡು ಬಂತು. ಅಷ್ಟಾದರೂ ಬಂದದ್ದು ಬೆಲ್ಟಿನಿಂದ ನೇರ ಆ ಮೇಜಿಗೆ ಹೋಗಿ ದೂರು ಕೊಟ್ಟಿದ್ದರಿಂದ. ಮನೆಗೆ ಹೋಗಿ ನೋಡೋಣ ಎಂದಿದ್ದರೆ ಅದೂ ಕಷ್ಟವಾಗುತ್ತಿತ್ತು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗು ಒಡೆದು ಬಂದಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಬರೆದು ಕೊಡಬೇಕು.

ನಮ್ಮ ಕಡೆಯಿಂದ ಈಗ ಯಾರೇ ಹೊರಟರೂ ಕಾಕಾ ತನ್ನ ಚೀಲ ಕೊಟ್ಟು ಕಳಿಸುತ್ತಾನೆ, ನಂಬರಿನ ಮುಂದೆ +91 ಸೇರಿಸಿ ಹೊಸದಾಗಿ ಅಚ್ಚು ಹಾಕಿಸಿದ್ದಾನೆ. ನಿಮಗೆ ಅಂಥ ಕಾಕಾ ಇಲ್ಲದಿದ್ದರೆ ಒಂದು ಹಾಳೆಯ ಮೇಲೆ ನಿಮ್ಮ ಹೆಸರು, ಊರು, ಹೋಗುವ ಮನೆಯ ವಿಳಾಸ, ದೇಶದ ಕೋಡ್ ಸಮೇತ ಫೋನ್ ನಂಬರು ಬರೆದು ಬ್ಯಾಗಿನ ಒಳಗೆ, ಬಿಚ್ಚಿದೊಡನೆ ಕಾಣುವಂತೆ ಇಡಿ. ಇಂಗ್ಲಿಷಿನಲ್ಲಿ ಬರೆಯಿರಿ, ಕೆಳಗೆ ಕನ್ನಡದಲ್ಲೂ ಬರೆಯಿರಿ.